ಮಿಷನ್ ಶ್ರುತಿಯ ಹಾಡುಗಾರ

ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ನಮ್ಮ ರೇಷ್ಮೆ ನೂಲು ಹುರಿ ಮಾಡುವ ಕಾರ್ಖಾನೆಯ ಹಿಂದಿನ ರೂಮಿನಲ್ಲಿ ಒಬ್ಬ ಹಾಡುಗಾರ ಬಾಡಿಗೆಗಿದ್ದ. ಗಿಟಾರ್ ಹಿಡಿದು ಮೆಲುದನಿಯ ಹಾಡುಗಳನ್ನು ತಾನೇ ಕಟ್ಟುತ್ತಿದ್ದ, ಶನಿವಾರ ದೇವನಹಳ್ಳಿಯ ಹೋಟೆಲುಗಳಲ್ಲಿ ಹಾಡಿ ಬರುತ್ತಿದ್ದ. ತಂತಿಗಳನ್ನು ಅವನು ಬಿಗಿಯುತ್ತಿದ್ದದ್ದು ನಮ್ಮ ಮಿಷನ್‌ಗಳ ಗುಂಯ್ ಸದ್ದಿಗೆ. ಅವನ ರೆಕಾರ್ಡಿಂಗ್‌ಗಳಲ್ಲೆಲ್ಲ ಆ ಸದ್ದಿದೆ. ಅದು ಯಾವ ವಾದ್ಯ ಎಂದು ಯಾರಾದರೂ ಕೇಳಿದರೆ ನಕ್ಕುಬಿಡುತ್ತಿದ್ದ.

ಕರೆಂಟು ಹೋದರೆ ಸಾಲಿನ ಮಧ್ಯದಲ್ಲೇ ನಿಲ್ಲಿಸಿ, "ಶ್ರುತಿ ಹೋಯ್ತು ಕಣಣ್ಣಾ, ಬರ್ಲಿ" ಎನ್ನುತ್ತಿದ್ದ. ಮಿಷನ್ ತಿರುಗಿದೊಡನೆ ಬಿಟ್ಟ ಪದದಿಂದಲೇ ಹಿಡಿಯುತ್ತಿದ್ದ.

ಒಂದು ಮಧ್ಯಾಹ್ನ ಹೊಸ ಹಾಡಿನ ನಡುವೆ ಕರೆಂಟು ಹೋಯಿತು. ಗಂಟೆಯ ಮೇಲೆ ಬಂದಾಗ ಮಿಷನ್‌ಗಳು ತಿರುಗಿದವು, ಹಾಡು ಮಾತ್ರ ಬರಲಿಲ್ಲ. ಹೋಗಿ ಬಾಗಿಲು ನೂಕಿದೆ. ಕೂತ ಕುರ್ಚಿಯಲ್ಲೇ ಪ್ರಾಣ ಹೋಗಿತ್ತು. ಬೆರಳುಗಳು ಇನ್ನೂ ತಂತಿಯ ಮೇಲಿದ್ದವು.

ಅವನ ಅಕ್ಕ ಬಂದು ಗಿಟಾರ್ ತೆಗೆದುಕೊಂಡು ಹೋದರು. ಖಾಲಿ ರೂಮಿಗೆ ನಾನೇ ಬೀಗ ಹಾಕಿದೆ.

ಮೊನ್ನೆ ಕರೆಂಟು ಹೋಗಿ ಬಂದಾಗ, ನಮ್ಮಲ್ಲಿ ಕೆಲಸಕ್ಕಿರುವ ರತ್ನಮ್ಮ ಒಂದೇ ಒಂದು ಮಿಷನ್ ಹಾಕಿ ನಿಂತಿದ್ದಳು.

"ಯಾಕಮ್ಮಾ, ಮಿಕ್ಕಿದ್ದೂ ಹಾಕು" ಎಂದೆ.

"ತಡೀರಣ್ಣಾ, ಎಲ್ಲಾ ಹಾಕ್ಬಿಟ್ರೆ ಕೇಳ್ಸಲ್ಲ. ಆ ಸಾಲು ಮುಗೀಲಿ. ನಾವು ದಿನಾ ಹಿಂಗೇ ಮಾಡೋದು."

ಬೀಗ ಹಾಕಿದ ರೂಮಿನ ಕಡೆ ಕಿವಿಗೊಟ್ಟೆ. ಬಿಟ್ಟ ಪದದಿಂದಲೇ ಹಿಡಿದಿದ್ದ.