ಅರ್ಧಕ್ಕೆ ಕತ್ತರಿಸಿದ ದಂಬೆ

ಮಳೆ ಶುರುವಾದರೆ ಪ್ರಾಸ್ಪೆಕ್ಟ್ ಬೀದಿಯ ಜನರೆಲ್ಲ ಮನೆಯೊಳಕ್ಕೆ ಓಡುತ್ತಿದ್ದರು; ಆಂಬ್ರೋಸ್ ಕೊಹುಟ್ ಒಬ್ಬ ಮಾತ್ರ ಹೊರಕ್ಕೆ ಓಡುತ್ತಿದ್ದ. ಹಳದಿ ರೇನ್‌ಕೋಟು ತೊಟ್ಟು, ಕತ್ತು ಮೇಲೆತ್ತಿ, ಕಂಡವರ ಮನೆಯ ಸೂರು ನೋಡುತ್ತ ಬೀದಿ ಬೀದಿ ಅಲೆಯುತ್ತಿದ್ದ. ನಲವತ್ತು ವರ್ಷ ಹೀಗೆ ಅಲೆದದ್ದರಿಂದ ಊರಿನ ಅರ್ಧ ಜನಕ್ಕೆ ಅವನ ಕತ್ತಿನ ಗುರುತಿತ್ತೇ ಹೊರತು ಮುಖದ ಗುರುತಿರಲಿಲ್ಲ.

ಅವನದು ದಂಬೆಯ ಕಸುಬು. ಮಾಡಿನಿಂದ ಇಳಿಯುವ ನೀರನ್ನು ಸೂರಿನಂಚಿನಲ್ಲೇ ಹಿಡಿದು ಮೂಲೆಯ ಇಳಿಕೊಳವೆಗೆ ದಾಟಿಸುವ ತಗಡಿನ ಕಾಲುವೆ ಅದು. ಅದಕ್ಕೆ ತೇಪೆ ಹಾಕುವುದು, ತೇಪೆಗೂ ಬಗ್ಗದಿದ್ದರೆ ಕಿತ್ತೆಸೆದು ಹೊಸದು ಕಟ್ಟುವುದು ಅವನ ಕೆಲಸ. ಪೆನ್ಸಿಲ್ವೇನಿಯಾದ ನಮ್ಮ ಕಲ್ಲಿದ್ದಲ ಗುಡ್ಡಗಳಲ್ಲಿ ಇದನ್ನು ಸಣ್ಣ ಕೆಲಸ ಅನ್ನುವಂತಿಲ್ಲ. ಒಂದು ವಸಂತದಲ್ಲಿ ಎಂಥ ಮಳೆ ಹೊಡೆಯಿತೆಂದರೆ ಚರ್ಚಿನ ಗಂಟೆಗೆ ನೆಗಡಿಯಾಗಿ, ಎರಡು ಭಾನುವಾರ ಅದು ಬಾರಿಸುವ ಬದಲು ಕೆಮ್ಮಿತು. ನಾನೇ ಕೇಳಿದ್ದೇನೆ.

ಊರಿನವರು ಆಂಬ್ರೋಸನನ್ನು ಡಾಕ್ಟರ್ ಅನ್ನುತ್ತಿದ್ದರು. ಅವನು ಸೂರಿನ ರೋಗ ಪತ್ತೆ ಮಾಡುತ್ತಿದ್ದ ರೀತಿಯೂ ಹಾಗೇ ಇತ್ತು. ಗೋಡೆಯ ಬಣ್ಣ ಸಿಪ್ಪೆ ಏಳುವುದು, ಮೊಳೆ ನಾಲಿಗೆ ಚಾಚಿದ ಹಾಗೆ ಹೊರಬರುವುದು, ತಗಡು ಬಸುರಿ ಹೊಟ್ಟೆಯಂತೆ ಜೋತು ನೀರು ಕಟ್ಟಿಕೊಳ್ಳುವುದು, ಕೆಳಗಿನ ಹೂಪಾತಿಯಲ್ಲಿ ಯಾರೋ ಕೋಲಿನಿಂದ ಗೀರಿದ ಹಾಗೆ ಉದ್ದಕ್ಕೆ ಗುಂಡಿ ಬೀಳುವುದು, ನೆಲಮಾಳಿಗೆಯಲ್ಲಿ ಹಳೇ ಬೂಟಿನ ವಾಸನೆ. ಇವನ್ನೆಲ್ಲ ನೋಡಿಯಾದ ಮೇಲೆ ಏಣಿ ಹತ್ತಿ, ದಂಬೆ ನೇತಾಡುವ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿ ನೋಡುವನು. ಅದು ಬೆಣ್ಣೆಗೆ ಇಳಿದಂತೆ ಇಳಿದರೆ ಮುಗಿಯಿತು.

"ಏನ್ ಡಾಕ್ಟ್ರೇ, ಉಳಿಯತ್ತಾ?" ಎಂದು ಕೆಳಗಿನಿಂದ ಮನೆಯವರು ಕೇಳುವರು.

"ತಗಡು ಉಳಿಯತ್ತೆ ಕಣ್ರೀ. ಹಲಗೆ ಯಾವತ್ತೋ ಹೋಗಿದೆ. ಬಣ್ಣ ಹಿಡ್ಕೊಂಡು ನಿಂತಿದೆ, ಅಷ್ಟೆ."

ಊರಿನ ಸಾವಿರ ಸೂರಿನ ರೋಗ ಹೇಳಿದವನ ಕಣ್ಣು ತಪ್ಪಿಸಿಕೊಂಡದ್ದು ಒಂದೇ ಸೂರು. ತಪ್ಪಿಸಿಕೊಂಡದ್ದು ಎನ್ನುವುದೂ ಸುಳ್ಳು. ದಿನಾ ನೋಡುತ್ತಿದ್ದ, ನೋಡದವನಂತೆ ಇರುತ್ತಿದ್ದ.

ನಮ್ಮ ಕಡೆ ಗಣಿಯವರು ಕಟ್ಟಿಸಿದ ಜೋಡಿಮನೆಗಳು ಜಾಸ್ತಿ: ಒಂದೇ ಮಾಡು, ನಡುವೆ ಒಂದು ಗೋಡೆ, ಆಚೆಗೊಂದು ಸಂಸಾರ, ಈಚೆಗೊಂದು. ಆಚೆಯವನು ಹಸಿರು ಬಣ್ಣ ಹೊಡೆದರೆ ಈಚೆಯವನು ಬಿಳಿ ಹೊಡೆಯುತ್ತಾನೆ. ನಡುಗೆರೆಯಲ್ಲಿ ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ಕೊಹುಟ್ ಮನೆಯ ಎಡಭಾಗದಲ್ಲಿ ಆಂಬ್ರೋಸ್ ತಾಯಿಯ ಜೊತೆಗಿದ್ದ, ಮದುವೆಯಾಗಿರಲಿಲ್ಲ. ಬಲಭಾಗದಲ್ಲಿ ಅಣ್ಣ ಸಿರಿಲ್ ಮತ್ತು ಅತ್ತಿಗೆ ಡೊಲೊರೆಸ್. ಸಿರಿಲ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಅವನ ಬಯ್ಗುಳ ಎಷ್ಟು ಜೋರೆಂದರೆ ಬಸ್ಸಿಗೆ ಹಾರನ್ನಿನ ಅಗತ್ಯವೇ ಬೀಳುತ್ತಿರಲಿಲ್ಲ. ಎರಡೂ ಭಾಗಕ್ಕೆ ಉದ್ದಕ್ಕೂ ಒಂದೇ ದಂಬೆ. ಇಳಿಜಾರು ಸಿರಿಲನ ಮೂಲೆಯಿಂದ ಆಂಬ್ರೋಸನ ಮೂಲೆಗೆ, ಇಳಿಕೊಳವೆ ಇದ್ದದ್ದೂ ಆಂಬ್ರೋಸನ ಕಡೆಗೇ.

ಹನ್ನೊಂದು ವರ್ಷದ ಹಿಂದೆ ಆಂಬ್ರೋಸ್ ಮೂರು ವಾರ ಬೇರೆ ಊರಿಗೆ ಒಂದು ಶಾಲೆಯ ಸೂರಿಗೆ ದಂಬೆ ಕಟ್ಟಲು ಹೋಗಿದ್ದ. ಆಗ ತಾಯಿ ಎರಡು ಸಲ ಬಿದ್ದಳು. ಸಿರಿಲ್ ಅವಳನ್ನು ವೃದ್ಧರ ಆರೈಕೆ ಮನೆಗೆ ಸೇರಿಸಿದ. ಒಂಬತ್ತನೇ ದಿನ ಅವಳು ತೀರಿಕೊಂಡಳು. ತಮ್ಮ ಬಂದು ತಲುಪುವ ಹೊತ್ತಿಗೆ ಹಾಸಿಗೆಯ ಹೊದಿಕೆಯನ್ನೂ ಬದಲಾಯಿಸಿಯಾಗಿತ್ತು.

ಮಣ್ಣು ಮಾಡಿ, ಚರ್ಚಿನ ಕೆಳಗಿನ ಹಾಲಿನಲ್ಲಿ ಎಲೆಕೋಸಿನ ಶಾವಿಗೆ ತಿಂದು ಎಲ್ಲರೂ ಮನೆಗೆ ಬಂದರು. ಆಂಬ್ರೋಸ್ ಕಪ್ಪು ಟೈ ಬಿಚ್ಚದೆಯೇ ಏಣಿ ಹಾಕಿದ. ತಗಡಿನ ಕತ್ತರಿ ತೆಗೆದುಕೊಂಡು ದಂಬೆಯನ್ನು ಸರಿಯಾಗಿ ನಡುಗೆರೆಯಲ್ಲಿ ಕತ್ತರಿಸಿ, ಅಣ್ಣನ ಕಡೆಯ ತುದಿಗೆ ಮುಚ್ಚಳ ಬಡಿದ. ಅಣ್ಣನ ನೀರು ಇನ್ನು ತನ್ನ ಕೊಳವೆಗೆ ಬರಕೂಡದು.

ನೀರು ಎಲ್ಲಿಗೆ ಹೋಗುತ್ತದೆಂದು ಈ ಜಗತ್ತಿನಲ್ಲಿ ಅವನಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು? ಸಿರಿಲನ ಭಾಗದ ನೀರೆಲ್ಲ ನಡುಗೆರೆಗೆ ಬಂದು, ಮುಚ್ಚಳಕ್ಕೆ ಹಾಯ್ದು, ತುಂಬಿ ಹೊರಚೆಲ್ಲುತ್ತಿತ್ತು. ಸಿರಿಲ್ ಏನು ಕಡಿಮೆ ಹಟದವನೇ? ಮುಚ್ಚಳದ ಪಕ್ಕದಲ್ಲೇ ತೂತು ಕೊರೆದು, ಹಳೇ ಒಲೆಯ ಕೊಳವೆಯೊಂದನ್ನು ತಂತಿಯಿಂದ ಕಟ್ಟಿದ. ಅದು ವಾರಕ್ಕೊಮ್ಮೆ ಎಲೆ ಕಟ್ಟಿಕೊಳ್ಳುತ್ತಿತ್ತು. ಹಾಗಾಗಿ ಶರತ್ಕಾಲದ ಪ್ರತಿ ಶನಿವಾರ ಅವನು ಏಣಿ ಹತ್ತಿ, ಡೊಲೊರೆಸಳ ಸೂಪಿನ ಸೌಟಿನಿಂದ ಎಲೆ ಗೋರುತ್ತಿದ್ದ. ಅದೇ ಶನಿವಾರ ಆಂಬ್ರೋಸನೂ ತನ್ನ ಕಡೆ ಏಣಿ ಹತ್ತುತ್ತಿದ್ದ. ಅಣ್ಣತಮ್ಮ ಆರಡಿ ದೂರದಲ್ಲಿ, ಒಂದೇ ಎತ್ತರದಲ್ಲಿ, ಒಬ್ಬರ ಕಡೆಗೊಬ್ಬರು ಬೆನ್ನು ತಿರುಗಿಸಿಕೊಂಡು ಕೆಸರು ಗೋರುವುದನ್ನು ನೋಡಲು ನಾವು ಬೀದಿಯವರು ಕಾಫಿ ಹಿಡಿದು ಜಗಲಿಗೆ ಬರುತ್ತಿದ್ದೆವು. ಹನ್ನೊಂದು ವರ್ಷದಲ್ಲಿ ಒಂದು ಮಾತಿಲ್ಲ.

ಹನ್ನೊಂದನೇ ಶರತ್ಕಾಲದಲ್ಲಿ ಒಂದೇ ಏಣಿ ಇತ್ತು.

ಆಂಬ್ರೋಸ್ ಗಮನಿಸಿದ, ಸುಮ್ಮನಿದ್ದ. ಚಳಿಗಾಲ ಕಳೆಯಿತು. ಮೇ ತಿಂಗಳಲ್ಲಿ ಅಣ್ಣನ ದಂಬೆಯಲ್ಲಿ ಗೇಣುದ್ದದ ಮೂರು ಮೇಪಲ್ ಸಸಿಗಳು ಎದ್ದು ನಿಂತವು. ಅಂಚೆಯ ಎಲ್ಮರ್ ಕಾಗದ ಕೊಡುತ್ತ ಮೇಲಕ್ಕೆ ನೋಡಿ ಹಲ್ಲು ಬಿಟ್ಟ.

"ನಿಮ್ಮಣ್ಣ ಮೇಲೆ ತೋಟ ಹಾಕಿದಾನಲ್ಲಪ್ಪ. ಬರೋ ವರ್ಷ ಮೇಪಲ್ ರಸ ಇಳಿಸಿ ಸಿರಪ್ ಮಾರ್ತಾನಂತಾ?"

ಆಂಬ್ರೋಸ್ ನಗಲಿಲ್ಲ. ದಂಬೆಯಲ್ಲಿ ಗಿಡ ಹುಟ್ಟಬೇಕಾದರೆ ಕೊಳೆತ ಎಲೆ ಮಣ್ಣಾಗಿರಬೇಕು; ಎಲೆ ಮಣ್ಣಾಗಬೇಕಾದರೆ ವರ್ಷದ ಹತ್ತಿರ ಅಲ್ಲಿಗೆ ಸೌಟು ಹೋಗಿರಬಾರದು. ಬೇರೆಯವರ ಮನೆಯಾಗಿದ್ದರೆ ಅವನು ಹೇಳುತ್ತಿದ್ದದ್ದು ಒಂದೇ ಮಾತು: ಈ ಮನೆಯಲ್ಲಿ ಏಣಿ ಹತ್ತುವ ಗಂಡಸಿಲ್ಲ.

ಆ ಸಂಜೆ ಕಸದ ಡಬ್ಬಿಯ ಹತ್ತಿರ ಡೊಲೊರೆಸ್ ಸಿಕ್ಕಳು. ಸಿಕ್ಕಳು ಅಂದರೆ, ಅವನು ಖಾಲಿ ಡಬ್ಬಿ ಹಿಡಿದು ಮುಕ್ಕಾಲು ಗಂಟೆ ಕಾದಿದ್ದ.

"ಅತ್ತಿಗೆ, ಅಣ್ಣ ಏಣಿ ಹತ್ತಿ ಎಷ್ಟ್ ದಿನ ಆಯ್ತು?"

ಅವಳು ಡಬ್ಬಿಯ ಮುಚ್ಚಳ ಮುಚ್ಚಿ, ಅದರ ಮೇಲೆ ಕೈಯಿಟ್ಟು ನಿಂತಳು. "ಏಣಿನಾ? ಮಹಡಿ ಮೆಟ್ಟಿಲು ಹತ್ತಿದ್ದೇ ಈಸ್ಟರ್‌ಗೆ. ಹತ್ತಿದೋನು ಇಳಿದಿಲ್ಲ. ಶ್ವಾಸಕೋಶ ಕಣೋ. ಮೂಗಿಗೆ ಕೊಳವೆ ಹಾಕಿದಾರೆ." ಮನೆಯ ಕಡೆ ಗದ್ದ ತಿರುಗಿಸಿ, "ಗೋಡೆ ಆಚೆ ಕೆಮ್ಮು ಕೇಳ್ಸಲ್ವಾ ನಿಂಗೆ?" ಅಂದಳು.

ಕೇಳಿಸುತ್ತಿತ್ತು. ಆಂಬ್ರೋಸ್ ಅದನ್ನು ಟಿ.ವಿ. ಎಂದುಕೊಂಡಿದ್ದ, ಹಾಗೆಂದುಕೊಳ್ಳಲು ಅವನು ಬಹಳ ಕಷ್ಟಪಟ್ಟಿದ್ದ.

ಮರುದಿನ ಬೆಳಿಗ್ಗೆ ಅವನು ಏಣಿಯನ್ನು ನಡುಗೆರೆಯ ಆಚೆಗೆ ಹಾಕಿದ. ಸಿರಿಲ್ ಮಲಗುತ್ತಿದ್ದದ್ದು ಬಲಮೂಲೆಯ ಮಹಡಿಯ ಕೋಣೆಯಲ್ಲಿ. ಸಸಿ ಕೀಳುತ್ತ ಕೀಳುತ್ತ ಅಲ್ಲಿಗೆ ಬಂದರೆ ತೆರೆದ ಕಿಟಕಿ, ಅದರೊಳಗೆ ದಿಂಬಿಗೊರಗಿದ ಅಣ್ಣ. ಮುಖ ಅರ್ಧವಾಗಿ, ಕಿವಿಗಳು ಮಾತ್ರ ಹಳೇ ಅಳತೆಯಲ್ಲೇ ಉಳಿದಿದ್ದವು.

"ಗೆರೆ ದಾಟಿದೀಯ," ಅಂದ ಸಿರಿಲ್.

"ಗಿಡ ನನ್ ಕಡೆ ಬಗ್ಗಿತ್ತು."

"ಸುಳ್ಳು. ಅದು ನೆಟ್ಟಗಿತ್ತು. ದಿನಾ ನೋಡ್ತೀನಿ ನಾನು, ನಂಗಿನ್ನೇನು ಕೆಲಸ?"

ಹಾಸಿಗೆಯ ಪಕ್ಕ ಆಮ್ಲಜನಕದ ಯಂತ್ರ ಗುರುಗುಡುತ್ತಿತ್ತು. ಸಿರಿಲ್ ಮೂಗಿನ ಕೊಳವೆ ಮುಟ್ಟಿ, "ನೋಡು, ನೀನು ಕಟ್ಟೋದಕ್ಕಿಂತ ಇದೇ ವಾಸಿ. ಎಲೆ ಸಿಕ್ಕಿಕೊಳ್ಳಲ್ಲ," ಅಂದ.

ಆಂಬ್ರೋಸ್ ಏಣಿಯನ್ನು ಮತ್ತೆ ನಡುಗೆರೆಗೆ ಸರಿಸಿ, ಸ್ಕ್ರೂಡ್ರೈವರ್ ತೆಗೆದು ಅಲ್ಲಿನ ಹಲಗೆಗೆ ಒತ್ತಿದ. ಹಿಡಿಯವರೆಗೆ ಇಳಿಯಿತು. ಆಚೆ ನಾಲ್ಕಡಿ, ಈಚೆ ನಾಲ್ಕಡಿ, ಸರಿಸಮನಾಗಿ ಕೊಳೆತಿತ್ತು. ಹನ್ನೊಂದು ವರ್ಷದ ನೀರು ಗೆರೆಯನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

"ತೇಪೆ ಹಿಡಿಯಲ್ಲ. ಹಲಗೆ ಸಮೇತ ಪೂರ್ತಿ ತೆಗೀಬೇಕು," ಎಂದು ಕಿಟಕಿಗೆ ಮರಳಿ ಬಂದು ಹೇಳಿದ. ಮತ್ತೆ, ಕಿಟಕಿಯ ಕಡೆ ನೋಡದೆ, "ಕತ್ತರಿಸಿದ್ದು ನಾನು," ಅಂದ.

"ಗೊತ್ತು. ಇದೇ ಕಿಟಕಿಯಿಂದ ನೋಡ್ತಿದ್ದೆ. ಕತ್ತರಿ ಸೊಟ್ಟ ಹಿಡಿದಿದ್ದೆ ನೀನು."

"ಸೊಟ್ಟ ಹಿಡೀಲಿಲ್ಲ."

"ಅಮ್ಮ ಇದ್ದಿದ್ರೆ ಅದೇ ಕತ್ತರಿಯಿಂದ ನಿನ್ ಕಿವಿ ಕತ್ತರಿಸ್ತಿದ್ದಳು. ಆಮೇಲೆ ನಂದು." ಅಷ್ಟು ಹೇಳಿ ಸಿರಿಲ್ ಬಹಳ ಹೊತ್ತು ಕೆಮ್ಮಿದ. ತಾಯಿಯ ಬಗ್ಗೆ ಅವರಿಬ್ಬರ ನಡುವೆ ಬಂದ ಮಾತು ಅದೊಂದೇ.

ಉಸಿರು ಹಿಡಿತಕ್ಕೆ ಬಂದ ಮೇಲೆ ಸಿರಿಲ್ ಒಂದು ಷರತ್ತು ಹಾಕಿದ. ದಂಬೆ ಒಂದಾಗಲಿ, ಅಡ್ಡಿಯಿಲ್ಲ. ಆದರೆ ಅಪ್ಪನ ಕಾಲದಿಂದ ನೀರೆಲ್ಲ ತಮ್ಮನ ಕಡೆಗೇ ಹೋಗಿದೆ. ಇನ್ನು ತನ್ನ ಕಡೆ ಬರಬೇಕು, ಇಳಿಕೊಳವೆ ಈ ಕಿಟಕಿಯ ಪಕ್ಕದಲ್ಲೇ ಇಳಿಯಬೇಕು. "ಹಾಸಿಗೆ ಹಿಡಿದೋನಿಗೆ ಏನಾದ್ರೂ ಕೇಳಿಸ್ಬೇಕಲ್ಲೋ. ಈ ಮಷೀನು ಕೇಳಿ ಕೇಳಿ ಸಾಕಾಗಿದೆ. ಮಳೆ ಬರೋ ಸದ್ದು ಕೇಳ್ಕೊಂಡು ಹೋಗ್ತೀನಿ."

ಇಳಿಜಾರು ತಿರುಗಿಸುವುದೆಂದರೆ ಆಂಬ್ರೋಸನ ಭಾಗದ ಗಟ್ಟಿಮುಟ್ಟಾದ ದಂಬೆಯನ್ನೂ ಕಿತ್ತು, ನಲವತ್ತಡಿಯನ್ನೂ ಹೊಸದಾಗಿ ತೂಗುಹಾಕುವುದು. ಆಂಬ್ರೋಸನಿಗೆ ಅರವತ್ತೊಂಬತ್ತು. ಒಂದು ಮೊಣಕಾಲು ಮಳೆಗೆ ನೋಯುತ್ತಿತ್ತು, ಇನ್ನೊಂದು ಬಿಸಿಲಿಗೆ. "ಆಯ್ತು," ಅಂದ.

ಕೆಲಸಕ್ಕೆ ಬೇಸಿಗೆಯಿಡೀ ಹಿಡಿಯಿತು. ವಯಸ್ಸಿನ ದೆಸೆಯಿಂದ ಎಂದು ಅವನು ಹೇಳುತ್ತಿದ್ದ, ನಾವೂ ನಂಬಿದವರಂತೆ ತಲೆಯಾಡಿಸುತ್ತಿದ್ದೆವು. ದಿನಕ್ಕೆ ಎರಡು ಗಂಟೆ, ಅದೂ ಕಿಟಕಿಯ ಹತ್ತಿರವೇ ಹೆಚ್ಚು. ಕಾಲಂಗುಲದ ಇಳಿಜಾರಿಗಾಗಿ ಅವರು ಜಗಳವಾಡುವ ಸದ್ದು ಬೀದಿಯ ತುದಿಗೆ ಕೇಳುತ್ತಿತ್ತು. ಜುಲೈನಲ್ಲಿ ಇಬ್ಬರ ಗಂಟಲೂ ಕೇಳುತ್ತಿತ್ತು. ಆಗಸ್ಟ್ ಮುಗಿಯುವಾಗ ಒಬ್ಬನದೇ. ಸಿರಿಲ್ ಹೌದು ಎನ್ನಲು ಒಂದು ಬೆರಳು, ಅಲ್ಲ ಎನ್ನಲು ಎರಡು ಬೆರಳು ಎತ್ತುತ್ತಿದ್ದನಂತೆ. ಹೆಚ್ಚಾಗಿ ಎರಡೇ ಎತ್ತುತ್ತಿದ್ದ ಎಂದು ಡೊಲೊರೆಸ್ ಹೇಳಿದಳು.

ಸೆಪ್ಟೆಂಬರಿನಲ್ಲಿ ಕೊನೆಯ ಮೊಳೆ ಹೊಡೆದದ್ದೇ ತಡ, ಮಳೆ ನಿಂತಿತು. ಗುಡ್ಡದಲ್ಲಿ ಮಂಜೂ ಬೀಳುವುದನ್ನು ಮರೆಯಿತು. ಅಕ್ಟೋಬರಿನಲ್ಲಿ ಎಲೆಗಳು ಒಣಗಿ ನೆಲಕ್ಕೆ ಬೀಳುವಾಗ ತಟ್ಟೆ ಒಡೆದ ಸದ್ದಾಗುತ್ತಿತ್ತು. ಆಂಬ್ರೋಸ್ ದಿನಾ ಬೆಳಿಗ್ಗೆ ಹಳದಿ ಕೋಟು ತೊಟ್ಟು ಜಗಲಿಯಲ್ಲಿ ನಿಂತು ಆಕಾಶ ನೋಡುತ್ತಿದ್ದ. ಯಾರಾದರೂ ನಕ್ಕರೆ ಕಾಣದವನಂತಿದ್ದ.

ಹದಿನೇಳನೇ ತಾರೀಕು ಮಧ್ಯಾಹ್ನ ಡೊಲೊರೆಸ್ ನಡುಗೋಡೆಯನ್ನು ಮೂರು ಸಲ ತಟ್ಟಿದಳು. ಕಿಟಕಿಯಿಂದ ತಲೆ ಹಾಕಿ ಮೆಲ್ಲಗೆ, "ಪಾದ್ರಿ ಬಂದು ಕೊನೇ ಪ್ರಾರ್ಥನೆ ಮಾಡಿ ಹೋದ್ರು. ಎಚ್ಚರ ಆದಾಗೆಲ್ಲ ಕಿಟಕಿ ಕಡೆ ಬೆರಳು ತೋರ್ಸಿ ಮಳೆ ಬಂತಾ ಅಂತ ಕೇಳ್ತಾನೆ," ಅಂದಳು.

ಆಂಬ್ರೋಸ್ ತೋಟದ ನಲ್ಲಿಗೆ ಉದ್ದದ ರಬ್ಬರ್ ಕೊಳವೆ ಸಿಕ್ಕಿಸಿ, ಅದನ್ನು ಹೆಗಲಿಗೆ ಹಾಕಿಕೊಂಡು ತನ್ನ ಕಡೆಯ ಮೂಲೆಗೆ ಏಣಿ ಹತ್ತಿದ. ಹೊಸ ದಂಬೆಯನ್ನು ನೀರು ಬಿಟ್ಟು ಪರೀಕ್ಷಿಸುವುದು ಕಸುಬಿನ ರೂಢಿ. ಸಾವಿರ ಸಲ ಮಾಡಿದ ಕೆಲಸ. ಕೊಳವೆಯ ಬಾಯನ್ನು ದಂಬೆಯೊಳಗೆ ಇಟ್ಟ. ನೀರು ಮೊದಲು ಬೆರಳಗಲ, ಆಮೇಲೆ ಅಂಗೈಯಗಲವಾಗಿ ತಗಡಿನ ಮೇಲೆ ಹರಿಯಿತು. ನಡುವೆ ಎಲ್ಲೂ ತಡೆಯದೆ, ಹೊಟ್ಟೆಗಟ್ಟದೆ, ಬಲಮೂಲೆ ತಲುಪಿ, ಕಿಟಕಿಯ ಪಕ್ಕದ ಇಳಿಕೊಳವೆಯೊಳಕ್ಕೆ ಧುಮುಕಿತು. ನಲವತ್ತಡಿ ಆಚೆಯಿಂದ ಆ ಸದ್ದು ಆಂಬ್ರೋಸನಿಗೇ ಕೇಳಿಸಿತು. ನಿಜವಾದ ಮಳೆಯ ಸದ್ದು.

ಹತ್ತು ನಿಮಿಷ ಕಾದ. ಆಮೇಲೆ ಕೂಗಿದ. "ಅತ್ತಿಗೆ, ಕೇಳಿಸ್ತಾ ಅವನಿಗೆ?"

ಕಿಟಕಿಯಲ್ಲಿ ಡೊಲೊರೆಸ್ ಕಾಣಿಸಿಕೊಂಡಳು. ಹೌದು ಎಂದುಬಿಡಬಹುದಿತ್ತು. ಆದರೆ ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಗೊತ್ತಾಗ್ಲಿಲ್ಲ ಕಣೋ," ಅಂದಳು. "ಕೈ ಹಿಡ್ಕೊಂಡೇ ಇದ್ದೆ. ನೀರಿನ ಸದ್ದು ಬಂತು, ಆ ಕಡೆ ತಿರುಗಿದೆ. ಮತ್ತೆ ಈ ಕಡೆ ತಿರುಗೋ ಹೊತ್ತಿಗೆ ಹೋಗಿದ್ದ."

ಆಂಬ್ರೋಸ್ ಏಣಿಯ ಮೇಲೆಯೇ ಇದ್ದ. ರಬ್ಬರ್ ಕೊಳವೆಯನ್ನು ಕೈಯಿಂದ ಬಿಡಲಿಲ್ಲ. ನೀರು ಹರಿಯುತ್ತಲೇ ಇತ್ತು. ಎದುರುಮನೆಯ ಜಗಲಿಗೆ ಬಂದವರು ಬಂದ ಹಾಗೆಯೇ ಒಳಗೆ ಹೋದರು. ಆಮೇಲೆ ಅವನು ಇಳಿದು ಬಂದು, ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅಣ್ಣನ ಮುಂಬಾಗಿಲ ಮುಂದೆ ನಿಂತ. ಆ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎನ್ನುವುದು ಅವನಿಗೆ ಮರೆತುಹೋಗಿತ್ತು.