ನೀರಗಂಟಿ ಸೂರಮ್ಮ ಮತ್ತು ಎಂಟನೇ ಮೆಟ್ಟಿಲು

ದನಕುರಿ ಮೇಯುವ ದೊಡ್ಡಉಳ್ಳಾರ್ತಿ ಕಾವಲಿನ ಪಕ್ಕದ ಹಟ್ಟಿಯಲ್ಲಿ ಸೂರಮ್ಮ ಎನ್ನುವವಳು ಇದ್ದಳು. ಪ್ಲೇಗು ಬಂದು ಊರೂರನ್ನೇ ಗುಡಿಸಿಕೊಂಡು ಹೋಗಿ ಹತ್ತು ವರ್ಷ ಆಗಿತ್ತೇನೋ, ಆ ಕಾಲದ ಮಾತು. ಅವಳು ಆ ಹಟ್ಟಿಯ ಕೆರೆಗೆ ನೀರಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ನೀರಗಂಟಿಯ ಕೆಲಸ. ಗಂಡಸರ ಕೆಲಸ ಅದು. ಆದರೆ ಅವಳ ಗಂಡ ಕ್ಯಾತಪ್ಪ ಚಳಿಜ್ವರದಲ್ಲಿ ಹೋದಾಗ ಮನೆಯಲ್ಲಿ ಇನ್ನೊಂದು ಗಂಡುದಿಕ್ಕು ಇರಲಿಲ್ಲ. ಕ್ಯಾತಪ್ಪ ಬಂಗಾರದಂಥ ಮನುಷ್ಯ, ಬೆಲ್ಲದ ಚಪಲ ಒಂದು ಬಿಟ್ಟರೆ. ಸೊಂಟದ ಬಟ್ಟೆಯಲ್ಲಿ ಯಾವಾಗಲೂ ಒಂದು ತುಂಡು ಕಟ್ಟಿಕೊಂಡಿರುತ್ತಿದ್ದ, ಅವನು ನಡೆದರೆ ಹಿಂದೆ ಇರುವೆ ಸಾಲು ಎಂದು ಹೆಂಗಸರು ನಗುತ್ತಿದ್ದರು. ಇರಲಿ, ಅವನ ಸುದ್ದಿ ಹಿಡಿದರೆ ಸೂರಮ್ಮ ಇಲ್ಲೇ ಉಳಿದುಬಿಡುತ್ತಾಳೆ.

ತೂಬಿನ ಪಕ್ಕದಲ್ಲಿ ಕೆರೆಯ ಒಳಕ್ಕೆ ಇಳಿಯುವ ಹತ್ತು ಕಲ್ಲಿನ ಮೆಟ್ಟಿಲು. ಕೆಳಗಿನಿಂದ ಎಷ್ಟು ಮೆಟ್ಟಿಲು ಮುಳುಗಿದವು ಎನ್ನುವುದೇ ಆ ಕೆರೆಯ ಅಳತೆ. ಮಳೆಗಾಲದಲ್ಲಿ ದಿನಾ ಸಂಜೆ ಹಟ್ಟಿಯ ನಡುವೆ ನಿಂತು ಅದನ್ನು ಕೂಗಿ ಹೇಳಬೇಕಾದವರು ನೀರಗಂಟಿ. ಸೂರಮ್ಮನ ಗಂಟಲು ಕಹಳೆ ಇದ್ದ ಹಾಗೆ.

"ಆರು ಮುಳುಗೈತ್ರಪ್ಪೋ!" ಎಂದು ಅವಳು ಕೂಗಿದರೆ ಮನೆ ಮನೆಯಿಂದ ಜನ ಹೊರಗೆ ಬಂದು ನಗುತ್ತಿದ್ದರು. ಬಗ್ಗಿದ ಸೊಂಟದ ಮುದುಕಿಯರೂ ಬಾಗಿಲಿಗೆ ಬಂದು ಆಕಾಶಕ್ಕೆ ಕೈಮುಗಿಯುತ್ತಿದ್ದರು. ಒಣನೆಲ, ಮಗ. ಅಲ್ಲಿ ನೀರನ್ನು ದೂರಿದವರ ನಾಲಿಗೆ ಒಣಗುತ್ತದೆ ಎಂದು ನಂಬಿದ್ದ ಜನ. ಕಾಲು ಜಾರಿ ಕೆರೆಗೆ ಬಿದ್ದವನೂ ನೀರನ್ನು ಬೈಯದೆ ಕಲ್ಲನ್ನು ಬೈಯುತ್ತಿದ್ದ.

ಹೀಗೆ ಕೂಗುವ ಸೂರಮ್ಮನ ಎದೆಯೊಳಗೆ ಮಾತ್ರ ಇನ್ನೊಂದು ಲೆಕ್ಕ ಇತ್ತು. ಐದು ಮುಳುಗಿದ ವರ್ಷ ಹಟ್ಟಿಯಲ್ಲಿ ಒಂದು ಮಗುವೂ ನಡುಗಲಿಲ್ಲ. ಏಳು ಮುಳುಗಿದ ವರ್ಷ ದಸರೆ ಕಳೆದ ಮೇಲೆ ಮೂರು ಗುಂಡಿ ತೋಡಿದರು. ಎಂಟು ಮುಳುಗಿದ ವರ್ಷ ಅವಳ ಇಬ್ಬರು ಗಂಡುಮಕ್ಕಳು, ಎಂಟು ದಿನದ ಅಂತರದಲ್ಲಿ. ಆಮೇಲೆ ಮೂರು ವರ್ಷ ಕೆರೆ ಬಿರಿದುಕೊಂಡು ಬಿದ್ದಿತ್ತು, ಹೊಟ್ಟೆಗೆ ಅಂಬಲಿಗೂ ಕಷ್ಟ, ಆದರೆ ಯಾರೂ ನಡುಗಲಿಲ್ಲ. ಕೋಡಿ ಬಿದ್ದ ವರ್ಷ ಕ್ಯಾತಪ್ಪ ಹೋದ. ಬಸುರಿಯರಂತೂ ಎಂಟರ ಮೇಲೆ ಹೋದ ವರ್ಷ ಉಳಿದದ್ದೇ ಕಡಿಮೆ. ಮೆಟ್ಟಿಲ ಮೇಲೆ ಕೂತು ನೀರನ್ನು ನೋಡಿದರೆ ಅವಳಿಗೆ ತನ್ನ ಮುಖ ಕಾಣುತ್ತಿರಲಿಲ್ಲ. ಕೆಳಗಿನ ಮೆಟ್ಟಿಲುಗಳ ಮೇಲೆ ಹುಡುಗರು ಸಾಲಾಗಿ ಕೂತು, ಮೊಣಕಾಲು ಅಪ್ಪಿಕೊಂಡು, ಹಲ್ಲು ಕಟಕಟ ಕಡಿಯುವುದು ಕಾಣುತ್ತಿತ್ತು. ಹೆದರುತ್ತಿರಲಿಲ್ಲ ಅವಳು. ಹೆತ್ತ ಮಕ್ಕಳಿಗೆ ಯಾರಾದರೂ ಹೆದರುತ್ತಾರೆಯೇ? "ಮ್ಯಾಲೆ ಬರ್ರಪ್ಪ, ಥಂಡಿ ಆಯ್ತದೆ" ಎಂದು ಮೆಲ್ಲಗೆ ಕರೆಯುತ್ತಿದ್ದಳು. ಅವರು ಬರುತ್ತಿರಲಿಲ್ಲ.

ಒಂದು ಸಲ ಸರ್ಕಾರದ ಡಾಕ್ಟರು ಕುದುರೆ ಮೇಲೆ ಬಂದರು. ಆ ಕುದುರೆಯೋ, ಹೊಟ್ಟೆಬಾಕ, ಪಕ್ಕದ ಮನೆಯ ಹುಚ್ಚಕ್ಕನ ಚಪ್ಪರದ ಹೀರೇಬಳ್ಳಿಯನ್ನೆಲ್ಲ ಮೇದುಬಿಟ್ಟಿತು. ಡಾಕ್ಟರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡಗಡೆ ಪಕ್ಕೆಲುಬಿನ ಕೆಳಗೆ ಒತ್ತಿ ಒತ್ತಿ ನೋಡಿದರು. ಜ್ವರದ ಗೆಡ್ಡೆ, ಅಂದರೆ ಊದಿದ ಗುಲ್ಮ, ಕೈಗೆ ಸಿಕ್ಕಿದವರನ್ನು ಒಂದು ಕಡೆ, ಸಿಗದವರನ್ನು ಒಂದು ಕಡೆ. ಗೆಡ್ಡೆ ಸಿಕ್ಕಿದವರ ಸಾಲೇ ಉದ್ದವಾಯಿತು. ಬಿಳಿ ಪುಡಿ ಕೊಟ್ಟರು, ಕಹಿಗೆ ಮಕ್ಕಳೆಲ್ಲ ಉಗುಳಿದವು. ಸೂರಮ್ಮ ಅವರ ಹತ್ತಿರ ಹೋಗಿ ತನ್ನ ಮೆಟ್ಟಿಲ ಲೆಕ್ಕ ಪೂರಾ ಹೇಳಿದಳು. ಅವರು ಪುಸ್ತಕದಲ್ಲಿ ಬರೆದುಕೊಂಡರು.

"ನೀರಿಂದ ಅಲ್ಲಮ್ಮ, ಇದು ಸೊಳ್ಳೆಯಿಂದ ಬರೋದು" ಎಂದರು.

"ಸೊಳ್ಳೆ ಎಲ್ಲಿಂದ ಬರ್ತೈತ್ರಿ ಬುದ್ಧಿ?"

ಡಾಕ್ಟರು ಕೆರೆಯ ಕಡೆ ನೋಡಿದರು. "ನಿಂತ ನೀರಿಂದ" ಎಂದರು.

ಅವಳಿಗೆ ಅಷ್ಟು ಸಾಕಾಯಿತು. ಆದರೆ ಹಟ್ಟಿಯಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡುವುದು ಹೇಗೆ? ನೀರು ಕಾಯುವವಳೇ ನೀರನ್ನು ದೂರಿದರೆ?

ಉಳಿದ ಒಬ್ಬಳೇ ಮಗಳು ಮುದ್ದಕ್ಕನನ್ನು ಪರಶುರಾಂಪುರದ ಆಚೆ, ಕೆರೆಯೇ ಇಲ್ಲದ, ಮೂವತ್ತು ಮಾರು ಆಳದ ಬಾವಿ ಸೇದುವ ಊರಿಗೆ ಕೊಟ್ಟಿದ್ದಳು. "ಮಗಳ ಕೈಗೆ ಬೊಬ್ಬೆ ಬರಾಕೆ ಅಂತ್ಲೇ ಆ ಊರು ಹುಡುಕಿದ್ಯಾ?" ಎಂದು ಹುಚ್ಚಕ್ಕ ಕೇಳಿದಾಗ ಸುಮ್ಮನೆ ನಕ್ಕಿದ್ದಳು.

ಆ ವರ್ಷ ಉತ್ತರೆ ಮಳೆ ಬಿಡದೆ ಹೊಯ್ಯಿತು. ಎಂಟು ಮುಳುಗಿತು. ಅದೇ ವರ್ಷ ಮುದ್ದಕ್ಕ ಚೊಚ್ಚಲ ಬಸುರಿ. ಚೊಚ್ಚಲ ಬಾಣಂತನ ತವರಿನದೇ, ಅದರಲ್ಲಿ ಎರಡು ಮಾತಿಲ್ಲ. ಏಳನೇ ತಿಂಗಳಿಗೆ ಹೋಗಿ ಕರೆತರಬೇಕಾದವಳು ಹೋಗಲಿಲ್ಲ. ಎಂಟು ತಿಂಗಳು ತುಂಬಿತು, ಆಗಲೂ ಹೋಗಲಿಲ್ಲ.

ಹುಚ್ಚಕ್ಕನಿಗೆ ತಡೆಯಲಾಗಲಿಲ್ಲ. ಅವಳ ಸೊಸೆ ಪಾಪಕ್ಕನೂ ಏಳು ತಿಂಗಳ ಬಸುರಿ. ಪಾಪಕ್ಕನಿಗೆ ತವರೇ ಇಲ್ಲ, ಇಲ್ಲೇ ಹೆರಬೇಕು.

"ಏನೇ ಸೂರಿ, ಮಗಳಿಗೆ ಒಂದ್ ಹಿಡಿ ಮೆಂತ್ಯ ಹಾಕಾಕೂ ಕೈ ಬರಾಕಿಲ್ವೇನೆ? ಊರಿಗೆಲ್ಲ ನೀರು ಬಿಡ್ತೀಯ, ಹೆತ್ತ ಮಗಳಿಗೆ ಒಂದ್ ಚೊಂಬು ಬಿಸಿನೀರು ಭಾರ ಆಯ್ತಾ?"

"ತೂಬಿನ ಕೆಲ್ಸ ಐತೆ ಕಣೆ ಹುಚ್ಚಿ. ಬಿಟ್ಟು ಹೋಗಾಕಾಗಲ್ಲ."

ಸುಳ್ಳು. ನಿಜ ಗಂಟಲಲ್ಲೇ ಇತ್ತು, ಅಂಗಳದಲ್ಲಿ ಬತ್ತ ಕೇರುತ್ತಾ ಕೂತಿದ್ದ ಪಾಪಕ್ಕನ ಹೊಟ್ಟೆ ಕಣ್ಣೆದುರಿಗೇ ಇತ್ತು. ಆದರೂ ಹೇಳಲಿಲ್ಲ.

ದೀಪಾವಳಿ ಇನ್ನೂ ಹದಿನೈದು ದಿನ ಇರುವಾಗ ಬೀಗರೇ ಗಾಡಿ ಕಟ್ಟಿಕೊಂಡು ಬಂದರು. ಸೂರಮ್ಮ ಏರಿಯ ಮೇಲೆ ಇದ್ದಳು. ಮುದ್ದಕ್ಕನ ಮಾವ ದೊಡ್ಡಪಾಲಯ್ಯ ದೂರದಿಂದಲೇ ಕೂಗಿದ.

"ತಗಳವ್ವ ಬೀಗಿತಿ, ನಿನ್ ಸೊತ್ತು! ನೀನು ಕರ್ಕಂಡು ಹೋಗ್ತೀಯ ಅಂತ ಕಾದು ಕಾದು ನಮ್ ಊರಲ್ಲಿ ನಮ್ ಮೂಗು ಹೋತು."

ಗಾಡಿಯಲ್ಲಿ ಮಗಳು, ಮುಖ ಊದಿಸಿಕೊಂಡು, ಅತ್ತು ಅತ್ತು ಕಣ್ಣು ಕೆಂಪು. ಸೂರಮ್ಮ ಎತ್ತಿನ ಮೂಗುದಾರ ಹಿಡಿದು ಗಾಡಿಯನ್ನು ಅಲ್ಲೇ ನಿಲ್ಲಿಸಿದಳು.

"ಇಳಿಬ್ಯಾಡ ಕಣವ್ವ."

"ಯಾಕವ್ವ? ಮನೆ ಬಾಗ್ಲಿಗೂ ಬ್ಯಾಡ್ವಾ ನಾನು?"

"ಬಾಗ್ಲಿಗೂ ಬ್ಯಾಡ. ಬೀಗರೆ, ನಿಮ್ ಕಾಲಿಗೆ ಬೀಳ್ತೀನಿ, ಗಾಡಿ ಕಾವಲಿಗೆ ಹೊಡೀರಿ."

ಬೀಗರಿಗೆ ಇವಳಿಗೆ ಗಾಳಿ ಮೆಟ್ಟಿದೆ ಎಂದೇ ಅನಿಸಿತು. ಆದರೂ ಅವಳ ಕಣ್ಣು ನೋಡಿ ಗಾಡಿ ಹೊಡೆದರು. ಹಟ್ಟಿಯಿಂದ ಒಂದು ಹರದಾರಿ ಮೇಲೆ, ಗಾಳಿ ಬೀಸುವ ದಿಬ್ಬದಲ್ಲಿ ಪಾತಣ್ಣ ಎನ್ನುವ ಕುರಿಗಾಹಿಯ ರೊಪ್ಪ, ಕುರಿ ಕೂಡುವ ಬೇಲಿ. ಅದರ ಪಕ್ಕದಲ್ಲಿ ಬಾದೆಹುಲ್ಲಿನ ಒಂದು ಗುಡಿಸಲು ಎಬ್ಬಿಸಿ ಮಗಳನ್ನು ಅಲ್ಲಿಟ್ಟಳು. ಕುರಿ ಹಿಕ್ಕೆಯ ಹೊಗೆ ಹಾಕಿದಳು. ಮುದ್ದಕ್ಕ ಕೆಮ್ಮುತ್ತಾ ಬೈಯುತ್ತಿದ್ದಳು: "ಕುರಿ ಈದಂಗೆ ಈಯ್ಬೇಕಾ ನಾನು?" ಬೆಳಿಗ್ಗೆ ಸಂಜೆ ತೂಬಿಗೆ ಇಳಿದು, ಕೆಲಸ ಮುಗಿಸಿ, ಒಂದು ಹರದಾರಿ ಹತ್ತಿ ಬರುತ್ತಿದ್ದಳು ಸೂರಮ್ಮ. ಬಂದವಳೇ ಮಗಳ ಹಣೆ ಮುಟ್ಟುವುದು, ಉಗುರು ನೀಲಿಯಾಗಿದೆಯೇ ಎಂದು ನೋಡುವುದು. ಮಧ್ಯಾಹ್ನದ ಹೊತ್ತಾದರೆ ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಚಳಿಜ್ವರಕ್ಕೆ ಹೊತ್ತು ಗೊತ್ತಿರುತ್ತದೆ, ಆ ಹೊತ್ತು ಮೀರಿದರೆ ಒಂದು ದಿನ ಗೆದ್ದಂತೆ.

ಇಪ್ಪತ್ತೆರಡು ದಿನ ಹೀಗೆ. ಇಪ್ಪತ್ತಮೂರನೇ ದಿನ, ಹೊತ್ತು ಏರುವಾಗ ಹೆಣ್ಣುಮಗು ಹುಟ್ಟಿತು. ಕುರಿಗಳೆಲ್ಲ ಒಟ್ಟಿಗೆ ಅರಚಿದವಂತೆ. ತಾಯಿ ಮಗು ಇಬ್ಬರ ಮೈಯೂ ತಣ್ಣಗಿತ್ತು, ಹಿತವಾದ ತಣ್ಣಗೆ.

ಆ ಸಂಜೆ ಸೂರಮ್ಮ ತೂಬಿಗೆ ಇಳಿದು ಬಂದಾಗ ಹಟ್ಟಿಯ ಹೊರಗೆ ಗುದ್ದಲಿ ಸದ್ದು ಕೇಳಿತು. ಪಾಪಕ್ಕ. ಮೂರು ಸಲ ನಡುಗಿದ್ದಳು, ನಾಲ್ಕನೇ ಸಲ ಕಣ್ಣು ತೆರೆಯಲಿಲ್ಲ. ಹೊಟ್ಟೆಯಲ್ಲಿದ್ದದ್ದೂ ಅವಳ ಜೊತೆಗೇ ಹೋಯಿತು.

ಮಾರನೇ ದಿನ ಹುಚ್ಚಕ್ಕ ಕಾವಲು ಹತ್ತಿಕೊಂಡು ಬಂದಳು. ತಲೆ ಬಾಚಿರಲಿಲ್ಲ. ಗುಡಿಸಲ ಮುಂದೆ ಕೂತು ಮಗುವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು.

"ಸೂರಿ, ನಿಂಗೆ ಗೊತ್ತಿತ್ತು ಅಲ್ವೇನೆ?"

ಸೂರಮ್ಮ ಹೊಗೆಯ ಬೆಂಕಿಗೆ ಇನ್ನೊಂದು ಹಿಡಿ ಹಿಕ್ಕೆ ಹಾಕಿದಳು.

"ಎಲ್ಡ್ ಮಾತು ಹೇಳಿದ್ರೆ ಇಲ್ಲೇ ಇನ್ನೊಂದ್ ಮೂಲೇಲಿ ಮಲಗಿರ್ತಿದ್ಲು ನನ್ ಸೊಸೆ. ನಾನೇ ಹೊತ್ಕಂಡು ಬರ್ತಿದ್ದೆ."

"ನೀರನ್ನ ದೂರಬಾರ್ದು ಅಂತ..."

"ನೀರು ನಿನ್ ಮಾತಿಗೆ ಅಳ್ತಿತ್ತೇನೆ?" ಎಂದಳು ಹುಚ್ಚಕ್ಕ. ಎದ್ದು, ಸೀರೆಯ ಹುಲ್ಲು ಕೊಡವಿಕೊಂಡು, ಇಳಿದು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಮಣ್ಣು ತೂರಿ ಶಾಪ ಹಾಕಿದ್ದರೂ ಸೂರಮ್ಮ ಹಗುರಾಗುತ್ತಿದ್ದಳು.

ಅಲ್ಲಿಂದ ಮುಂದೆ ಮೆಟ್ಟಿಲ ಮೇಲೆ ಕೂತವರಲ್ಲಿ ಒಬ್ಬಳು ಹೆಚ್ಚಾದಳು. ಹುಡುಗರು ಬೆನ್ನು ಹಾಕಿ ಕೂರುತ್ತಿದ್ದರು, ಪಾಪಕ್ಕ ತಿರುಗಿ ನೋಡುತ್ತಿದ್ದಳು, ಮಡಿಲಲ್ಲಿ ಮೊರ ಇಟ್ಟುಕೊಂಡು.

ಎರಡು ವರ್ಷ ಬಿಟ್ಟು ಕೆರೆ ಮತ್ತೆ ತುಂಬಿತು. ಸೂರಮ್ಮ ಹಟ್ಟಿಯ ನಡುವೆ ನಿಂತಳು. ಜನ ಎಂದಿನಂತೆ ಹೊರಗೆ ಬಂದರು.

"ಎಂಟು ಮುಳುಗೈತ್ರಪ್ಪೋ!" ನಗು ಎದ್ದಿತು. ಅವಳು ನಿಲ್ಲಿಸಲಿಲ್ಲ. "ಬಸ್ರೇರ್ನ, ಹಸುಗೂಸ್ನ ಕಾವಲಿಗೆ ಕಳಿಸ್ರವ್ವೋ! ಈ ನೀರು ಮಕ್ಕಳ್ನ ತಿಂತೈತೆ!"

ನಗು ಅಲ್ಲೇ ನಿಂತಿತು. ಒಬ್ಬ ಮುದುಕ ಕಿವಿ ಮುಚ್ಚಿಕೊಂಡ. ಯಾರೋ "ಬಾಯಿಗೆ ಹುಳ ಬೀಳ, ನೀರಿಗೆ ಅಂತಾಳಲ್ಲ" ಎಂದರು. ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಮಾರನೇ ದಿನ ಹಿರಿಯರು ಸೇರಿ ತೂಬಿನ ಕೆಲಸವನ್ನು ಅವಳ ಕೈಯಿಂದ ತೆಗೆದರು.

ಆದರೂ ಆ ಸಂಜೆ ಹೊಸ ನೀರಗಂಟಿ ಕೂಗಿ ಹೋದ ಮೇಲೆ, ಅವಳು ಮನೆ ಮನೆಗೆ ಹೋಗಿ ಮುಚ್ಚಿದ ಬಾಗಿಲಿಗೆ ಬಾಯಿಟ್ಟು ಅದನ್ನೇ ಹೇಳಿದಳು. ಒಳಗಿಂದ ಯಾರೂ ಓಗೊಡಲಿಲ್ಲ. ಕೊನೆಗೆ ಹುಚ್ಚಕ್ಕನ ಬಾಗಿಲು. ಆ ಮನೆಯಲ್ಲಿ ಈಗ ಯಾರಿಗೆ ಹೇಳುವುದು?

ಬಾಗಿಲು ತಾನಾಗಿ ತೆರೆಯಿತು. ಹುಚ್ಚಕ್ಕ ಕಂಬಳಿ ಹೊದ್ದು ನಿಂತಿದ್ದಳು. ಅವಳ ಹಿಂದೆ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಕೇರಿಯ ಇಬ್ಬರು ಬಸುರಿಯರು.

"ಹಿತ್ತಲಿಂದ ಬಂದವ್ರೆ, ಅತ್ತೇರಿಗೆ ಗೊತ್ತಿಲ್ಲ" ಎಂದಳು ಹುಚ್ಚಕ್ಕ. "ದಾರಿ ತೋರ್ಸೆ."