ಊಟದ ನಂತರದ ಪಾಠ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಪಕ್ಕದ ಮನೆಯ ಸವಿತಾಳ ಐದು ದಿನದ ಮಗುವನ್ನು ಹೆದ್ದಾರಿ ಬದಿಯ ಒಂದು ಕ್ಲಿನಿಕ್‌ಗೆ ಕರೆದೊಯ್ದಿದ್ದೆವು. ಮಗು ಹಾಲು ಕುಡಿಯದೆ ಬರೀ ನಿದ್ದೆ ಮಾಡುತ್ತಿತ್ತು. ಮೈಯೆಲ್ಲ ಹಳದಿಯಾಗಿತ್ತು.

ಡಾಕ್ಟರು ಕುರ್ಚಿ ಬಿಟ್ಟು ಏಳದೆ ಕೇಳಿದರು: "ಅರಿಶಿನ ಹಚ್ಚಿ ನೀರು ಹಾಕಿದ್ದೀರಾ?"

"ಊಂ ಸಾ, ದಿನಾ ಅಚ್ತೀವಿ," ಎಂದರು ಸವಿತಾಳ ಅತ್ತೆ.

"ಅದರ ಬಣ್ಣವೇ ಇದು. ಎಳೆಬಿಸಿಲಿಗೆ ಹಿಡೀರಿ, ಹೋಗುತ್ತೆ."

ನನಗೆ ಮೈ ಉರಿಯಿತು. ಮೂವತ್ತು ವರ್ಷದ ಹಿಂದೆ ಹೀಗೇ ಹಳದಿಯಾಗಿದ್ದ ನನ್ನ ತಂಗಿಯ ಮಗುವಿಗೂ ಇದೇ ಎಳೆಬಿಸಿಲಿನ ಮಾತು ಹೇಳಿದ್ದರು. ಆ ಹಳದಿ ಮಿದುಳಿಗೇರಿ ಅವನಿಗೆ ಇಂದಿಗೂ ಕಿವಿ ಕೇಳಿಸುವುದಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅಲ್ಲಿನ ನರ್ಸ್ ಶಿವಮ್ಮ ಮಗುವಿನ ರೆಪ್ಪೆ ಬಿಡಿಸಿ ನೋಡಿದರು. "ಕಣ್ಣೊಳಕ್ಕೂ ಅರಿಶ್ನ ಅಚ್ಚವ್ರಾ ಸಾ? ಬಿಳಿಗುಡ್ಡೆ ಅಳದಿ ಆಗದೆ, ಅಂಗಾಲೂ ಅಂಗೇ ಅದೆ. ಕಾಮಾಲೆ ಇದು, ಈಗ್ಲೇ ಆಸನದ ದೊಡ್ಡಾಸ್ಪತ್ರೆಗೆ ಕಳ್ಸಿ."

"ಹೋದ ವಾರ ನಡೆದ ಎಳೆಮಕ್ಕಳ ಕಾಯಿಲೆಯ ತರಬೇತಿಗೆ ನಾನೂ ಬಂದಿದ್ದೆ ಕಣಮ್ಮ," ಎಂದು ಡಾಕ್ಟರು ಸಿಡುಕಿದರು.

"ಬಂದಿದ್ರಿ ಸಾ. ಊಟ ಮಾಡ್ಕಂಡು ಒಂಟೋಗ್ಬುಟ್ರಿ. ಕಾಮಾಲೆ ಪಾಠ ಊಟ ಆದ್ಮೇಲೆ ಇತ್ತು."

ಡಾಕ್ಟರು ಹಾಸನಕ್ಕೆ ಚೀಟಿ ಬರೆದುಕೊಟ್ಟರು.

ಈಗ ಮಗು ಹಾಸನದ ಆಸ್ಪತ್ರೆಯಲ್ಲಿ ನೀಲಿ ಬೆಳಕಿನಡಿ ಮಲಗಿದೆ. ಸರಿಯಾದ ಹೊತ್ತಿಗೆ ತಂದಿರಿ, ಹೆದರಬೇಡಿ ಎಂದು ಅಲ್ಲಿನ ಡಾಕ್ಟರು ಹೇಳಿದ್ದಾರೆ. ಸಂಜೆ ಹಾಲನ್ನೂ ಕುಡಿಯಿತು.

ತರಬೇತಿ ಏರ್ಪಡಿಸುವವರಲ್ಲಿ ನನ್ನದೊಂದೇ ವಿನಂತಿ. ಪಾಠವೆಲ್ಲ ಮುಗಿದ ಮೇಲೆ ಎಲೆ ಹಾಕಿ.